ಒಂದೇ ಬಾವಿಯ ದಾಯಾದಿಗಳು

ನಮ್ಮ ಮನೆಗೂ ಅಣ್ಣನ ಮನೆಗೂ ನಡುವೆ ಇರುವುದು ಒಂದು ಕತ್ತಾಳೆ ಬೇಲಿ. ಅಣ್ಣ ಅಂದರೆ ಒಡಹುಟ್ಟಿದವನಲ್ಲ, ದೊಡ್ಡಪ್ಪನ ಮಗ. ಅಪ್ಪ, ದೊಡ್ಡಪ್ಪ ಪಾಲಾದಾಗ ತೆಂಗಿನ ಮರ ಎಣಿಸಿ ಹಂಚಿಕೊಂಡರು, ತಾಮ್ರದ ಹಂಡೆ ತೂಗಿ ಹಂಚಿಕೊಂಡರು. ಬಾವಿಯನ್ನು ಮಾತ್ರ ಕೊಯ್ಯಲಾಗದೆ ನಡುವೆ ಬಿಟ್ಟರು. ಈಗ ಅದರಲ್ಲಿ ನೀರಿಲ್ಲ, ಹಕ್ಕು ಮಾತ್ರ ಅರ್ಧರ್ಧ ಇದೆ. ಬೇಲಿ ಆ ಬಾವಿಯ ಹತ್ತಿರ ಬಂದು ಮೊಳಕಾಲುದ್ದಕ್ಕೆ ತಗ್ಗುತ್ತದೆ. ಅಲ್ಲಿ ನಿಂತರೆ ಹರಟೆಗೆ ಅಡ್ಡಿಯಿಲ್ಲ, ಜಗಳಕ್ಕೂ ಅಡ್ಡಿಯಿಲ್ಲ.

ಮೊನ್ನೆ ಭಾನುವಾರ ಬೆಳಿಗ್ಗೆ ಅತ್ತಿಗೆ ಹುಲ್ಲಿನ ಬಣವೆ, ಕಟ್ಟಿಗೆ ಒಟ್ಟಲು, ಬಚ್ಚಲ ಹಿಂದೆ ಎಲ್ಲ ಬಗ್ಗಿ ಬಗ್ಗಿ ನೋಡುತ್ತಿದ್ದರು. ಕೆಂಪು ಹೇಟೆ ಎರಡು ವಾರದಿಂದ ಎಲ್ಲೋ ಕದ್ದು ಮೊಟ್ಟೆ ಇಡುತ್ತಿದೆಯಂತೆ. "ನಿಮ್ಮ ಹಿತ್ತಲಿಗೇನಾದ್ರೂ ಬತ್ತೈತಾ ನೋಡಪ್ಪ" ಅಂದರು. ನೋಡುತ್ತೇನೆ ಅಂದೆ. ನೋಡಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಅಣ್ಣನ ಅಂಗಳಕ್ಕೆ ಒಂದು ಹೊಸ ಕಾರು ಬಂದು ನಿಂತಿತು. ಬೆಂಗಳೂರಿನ ಅಳಿಯ. ಕಾರಿನ ಮೂತಿಯ ಮೇಲೆ ಎಂಟು ಮೂಲೆಯ ಬಿಲ್ಲೆ, ಅದರೊಳಗೆ ಎಂ.ಜಿ. ಎಂಬ ಎರಡಕ್ಷರ.

ಅಳಿಯ ಒಳಗೆ ಹೋಗಿ ಕಾಫಿ ಹಿಡಿದ ಮೇಲೆ ಅಣ್ಣ ಬಾವಿಯ ಹತ್ತಿರ ಬಂದ. ದನಿ ತಗ್ಗಿಸಿ ಕೇಳಿದ: "ಎಂ.ಜಿ. ಅಂದ್ರೆ ಮಹಾತ್ಮ ಗಾಂಧಿ ಅಲ್ವೇನ್ಲಾ? ಬೆಂಗಳೂರಾಗೆ ಎಂ.ಜಿ. ರೋಡ್ ಐತಲ್ಲ, ಹಂಗೆ. ಆ ಮುದುಕ ಜೀವಮಾನವೆಲ್ಲ ನಡದೇ ಓಡಾಡ್ದ, ಅವನ ಹೆಸರು ಕಾರಿಗೆ ಇಡಾದಾ?"

ಅಲ್ಲ ಮಾರಾಯ, ಅದು ಮಾರಿಸ್ ಗ್ಯಾರೇಜಸ್ ಅಂದೆ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್ ಅಂತ ಒಬ್ಬನಿದ್ದ. ಸೈಕಲ್ ರಿಪೇರಿಯಿಂದ ಶುರು ಮಾಡಿ ಕಾರಿನ ಕಾರ್ಖಾನೆ ಕಟ್ಟಿದವನು. ಅವನ ಗ್ಯಾರೇಜಿನ ಮ್ಯಾನೇಜರ್ ಸೆಸಿಲ್ ಕಿಂಬರ್ ಎಂಬಾತ, ಮಾರಿಸ್ ಕಾರುಗಳಿಗೇ ಬೇರೆ ಮೈ ತೊಡಿಸಿ, ಹಗುರ ಮಾಡಿ, ಓಟದ ಕಾರು ಮಾಡಿ ಮಾರಿದ. ಗ್ಯಾರೇಜಿನ ಹೆಸರೇ ಕಾರಿನ ಹೆಸರಾಯಿತು. ಆ ಕಂಪನಿ ಕೈ ಬದಲಾಗುತ್ತಾ ಆಗುತ್ತಾ ಈಗ ಚೀನಾದವರ ಪಾಲಾಗಿದೆ. 2019ರಿಂದ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗಿ ನಮ್ಮಲ್ಲಿ ಮಾರಾಟವಾಗುತ್ತಿರುವುದಕ್ಕೂ ಹಳೆಯ ಎಂಜಿಗೂ ಆ ಬಿಲ್ಲೆ ಬಿಟ್ಟರೆ ಸಂಬಂಧ ಕಡಿಮೆ. ನಮ್ಮೂರಿನದೂ ಅದೇ ಕಥೆ ತಾನೆ? ಬೆಂಗಳೂರಲ್ಲಿದ್ದಷ್ಟು ಕಾಲ ಬಾಗೂರು ಅಂದ ಕೂಡಲೇ ಜನ "ಓ, ಬಾಗೂರು–ನವಿಲೆ ಸುರಂಗದ ಬಾಗೂರಾ?" ಅನ್ನುತ್ತಿದ್ದರು. ಆ ಸುರಂಗ ಹೇಮಾವತಿ ನಾಲೆಯದು, ಆ ಬಾಗೂರು ಚನ್ನರಾಯಪಟ್ಟಣದ್ದು. ನಮ್ಮದು ಹೊಸದುರ್ಗದ್ದು, ಚೆನ್ನಕೇಶವನ ಬಾಗೂರು ಅಂತ ಹೇಳಿ ಹೇಳಿ ಕೊನೆಗೆ ಸುರಂಗವನ್ನೇ ಒಪ್ಪಿಕೊಂಡುಬಿಟ್ಟಿದ್ದೆ.

"ಅಸಲಿ ಎಂಜಿಯ ರಕ್ತ ಬೇಕು ಅಂದ್ರೆ ಅಳಿಯನ ಕಾರಿನಲ್ಲಿ ಹುಡುಕಬೇಡ, ನಿನ್ನ ಕೊಟ್ಟಿಗೆಯಲ್ಲಿ ಹುಡುಕು" ಅಂದೆ.

ಅಣ್ಣ ತಿರುಗಿ ಕೊಟ್ಟಿಗೆ ನೋಡಿದ. ಅಲ್ಲಿ ತೆಂಗಿನ ಸಿಪ್ಪೆಯ ರಾಶಿಗೆ ಒರಗಿಕೊಂಡು, ಯೂರಿಯಾ ಚೀಲಗಳನ್ನು ಹೊಲಿದು ಮಾಡಿದ ಹೊದಿಕೆ ಹೊದ್ದು, ಅವನ ಅಂಬಾಸಡರ್ ನಿಂತಿದೆ. ಮಾರ್ಕ್ ತ್ರೀ. ಒಂದು ಕಾಲಕ್ಕೆ ಊರಿನ ಮದುಮಕ್ಕಳೆಲ್ಲ ಅದರಲ್ಲೇ ಬಂದವರು. ಹೊಸದುರ್ಗ ಸಂತೆಗೆ ಅದರಲ್ಲಿ ಹನ್ನೊಂದು ಜನ ಹೋಗಿದ್ದಾರೆ, ಡ್ರೈವರನ್ನು ಬಿಟ್ಟು.

ಇಲ್ಲಿ ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಬೆಂಗಳೂರಿನಲ್ಲಿ ಮೂವತ್ತು ವರ್ಷ ಎಂಜಿನ್‌ಗಳಿಗೆ ಬೋರ್ ಹೊಡೆಯುವ ಅಂಗಡಿಯಲ್ಲಿ ದುಡಿದವನು. ಸಿಲಿಂಡರ್ ಸವೆದು ಹೊಗೆ ಕಾರುತ್ತಾ ಬಂದ ಎಂಜಿನ್ನಿನ ಒಳಗೋಡೆಯನ್ನು ಕೂದಲೆಳೆಯಷ್ಟು ಕೆರೆದು, ದಪ್ಪ ಪಿಸ್ಟನ್ ಹಾಕಿ ಕಳಿಸುವ ಕಸುಬು. ಅದೇ ಮೂವತ್ತು ವರ್ಷ ಅಣ್ಣ ಇಲ್ಲಿ ತೋಟದಲ್ಲಿ ಬೋರ್ ಹೊಡೆಸುತ್ತಿದ್ದ. ಒಂಬತ್ತು ಹೊಡೆಸಿದ, ಎರಡರಲ್ಲಿ ನೀರು ಬಂತು. ನಾವಿಬ್ಬರೂ ಬೋರಿನಲ್ಲೇ ಆಯಸ್ಸು ಕಳೆದವರು, ಅದಕ್ಕೇ ಮನೆಯವರಿಗೆಲ್ಲ ನಮ್ಮ ಮಾತು ಬೋರು. ಆದರೆ ಅವನಿಗೆ ಎಂಜಿನ್ ವಿವರಿಸುವುದು ಸುಲಭ. ತೂತಿನ ಅಗಲ ಎಷ್ಟು, ಆಳ ಎಷ್ಟು ಅಂದರೆ ಸಾಕು, ಉಳಿದದ್ದು ಅವನೇ ಲೆಕ್ಕ ಹಾಕುತ್ತಾನೆ.

"ನಿನ್ನ ಅಂಬಾಸಡರ್ ಅಂದ್ರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್" ಅಂತ ಶುರು ಮಾಡಿದೆ. ಅಚ್ಚು ತಂದು ಕಲ್ಕತ್ತೆಯ ಹತ್ತಿರದ ಉತ್ತರಪಾಡಾದಲ್ಲಿ ಎರಕ ಹೊಯ್ದರು. ಮೊದಮೊದಲ ಅಂಬಾಸಡರಿಗೆ 1476 ಸಿಸಿಯ ಹಳೇ ಪಕ್ಕವಾಲ್ವಿನ ಎಂಜಿನ್ ಇತ್ತು, ಏರಿನಲ್ಲಿ ಏದುಸಿರು ಬಿಡುತ್ತಿತ್ತು. 1959ರಲ್ಲಿ ಅದನ್ನು ತೆಗೆದು 1489 ಸಿಸಿಯ ಬಿ ಸೀರೀಸ್ ಕೂರಿಸಿದರು. ವಾಲ್ವುಗಳು ತಲೆಯ ಮೇಲೆ ಬಂದವು. ಸುಮಾರು 55 ಅಶ್ವಶಕ್ತಿ. ಇದೇ ಬಿ ಸೀರೀಸನ್ನು, ಇದೇ 1489 ಸಿಸಿಯನ್ನು, ಅಲ್ಲಿ ಇಂಗ್ಲೆಂಡಿನವರು 1955ರಲ್ಲಿ ಎಂಜಿಎ ಎಂಬ ಎರಡು ಸೀಟಿನ ಓಟದ ಕಾರಿಗೆ ಇಟ್ಟಿದ್ದರು. ಗಂಟೆಗೆ ನೂರು ಮೈಲಿಯ ಹತ್ತಿರ ಓಡುತ್ತಿತ್ತು. ಮೈಲಿ, ಕಿಲೋಮೀಟರಲ್ಲ.

ಅಣ್ಣ ನಂಬಲಿಲ್ಲ. "ನನ್ನ ಕಾರು ಮಾರಿಕಣಿವೆ ಏರಾಗೆ ಎಪ್ಪತ್ತು ಮುಟ್ಟಿದ್ರೆ ಬಾಗ್ಲು ಕಳಚಿ ಬೀಳಂಗೆ ಅಲ್ಲಾಡ್ತಿತ್ತು. ಅದೇ ಎಂಜಿನ್ ಅಂತೀಯ?"

ಅದೇ ಎಂಜಿನ್, ಉಸಿರಾಟ ಬೇರೆ. ಅಂಬಾಸಡರಿಗೆ ಒಂದೇ ಕಾರ್ಬೋರೇಟರ್. ಎಸ್‌ಯು ಕಾರ್ಬೋರೇಟರ್ ಅವನಿಗೆ ಗೊತ್ತು: ಗಂಟೆಯಾಕಾರದ ಡಬ್ಬಿ, ಒಳಗೆ ಏರಿಳಿಯುವ ಪಿಸ್ಟನ್, ಅದರ ತುದಿಗೆ ಸೂಜಿ, ಮೇಲಿನ ಮುಚ್ಚಳ ತಿರುಚಿ ನಾಲ್ಕು ಹನಿ ಎಣ್ಣೆ ಬಿಡದಿದ್ದರೆ ಎಕ್ಸಿಲೇಟರ್ ಒತ್ತಿದಾಗ ಮುಗ್ಗರಿಸುತ್ತದೆ. ಎಂಜಿಎಗೆ ಅಂಥವು ಎರಡು. ಮೂಗಿನ ಎರಡು ಹೊಳ್ಳೆ ಇದ್ದಹಾಗೆ. ಈ ಎಂಜಿನ್ನಿನ ತಲೆಯಲ್ಲಿ ಇನ್ನೊಂದು ವಿಚಿತ್ರವಿದೆ. ನಾಲ್ಕು ಸಿಲಿಂಡರಿಗೆ ಗಾಳಿ ಒಳಬರುವ ಬಾಗಿಲು ಎರಡೇ. ಇಬ್ಬಿಬ್ಬರು ಒಂದೊಂದು ಬಾಗಿಲಲ್ಲಿ ನುಗ್ಗಬೇಕು, ಪಾಲಾದ ಮೇಲೂ ತಲೆಬಾಗಿಲು ಒಂದೇ ಇಟ್ಟುಕೊಂಡ ಮನೆಯ ಹಾಗೆ. ಹಾಗಾಗಿ ಆ ಬಾಗಿಲ ಮುಂದೆ ಗಾಳಿ ಎಷ್ಟು ಧಾರಾಳವಾಗಿ ಸಿಗುತ್ತದೆ ಅನ್ನುವುದೇ ದೊಡ್ಡ ಮಾತು. ಎರಡು ಕಾರ್ಬೋರೇಟರ್, ಒಳಗೆ ಹೆಚ್ಚಿನ ಒತ್ತಡ, ಬೇರೆ ಕ್ಯಾಮ್. ಅಷ್ಟರಲ್ಲೇ ಅದೇ ಕಬ್ಬಿಣ ಮೊದಲು 68, ಬೇಗನೇ 72 ಅಶ್ವಶಕ್ತಿ ಕೊಟ್ಟಿತು. ಮೇಲಾಗಿ ಎಂಜಿಎ ತೂಗುತ್ತಿದ್ದುದು ಸುಮಾರು 900 ಕಿಲೋ, ಹತ್ತುವವರು ಇಬ್ಬರು. ನಿನ್ನ ಗಾಡಿ ಅದಕ್ಕಿಂತ ಎಷ್ಟೋ ಭಾರ, ಹತ್ತುವವರು ಹನ್ನೊಂದು ಜನ, ಮೇಲಿನ ಕ್ಯಾರಿಯರಿನಲ್ಲಿ ಎರಡು ಚೀಲ ರಾಗಿ.

"ಹನ್ನೆರಡು" ಅಂದ ಅಣ್ಣ. ಡ್ರೈವರನ್ನೂ ಸೇರಿಸಿಕೊಂಡ.

ಆಮೇಲೆ ನಾನು ಬಾವಿಯ ಕಟ್ಟೆಯ ಮೇಲೆ ಒಂದು ಬೂದುಗಲ್ಲಿನಿಂದ ಲೆಕ್ಕ ಬರೆದೆ. ಈ ಎಂಜಿನ್ನಿನ ಸಿಲಿಂಡರಿನಲ್ಲಿ ಪಿಸ್ಟನ್ ಓಡಾಡುವ ಆಳ 88.9 ಮಿಲಿಮೀಟರ್, ಅಂದರೆ ಸರಿಯಾಗಿ ಮೂರೂವರೆ ಅಂಗುಲ. ಎಂಜಿಎಯಿಂದ ಎಂಜಿಬಿವರೆಗೆ ಎಂಜಿನ್ನನ್ನು ಎಷ್ಟು ಸಲ ದೊಡ್ಡದು ಮಾಡಿದರೂ ಈ ಆಳವನ್ನು ಮುಟ್ಟಲೇ ಇಲ್ಲ, ಅಗಲವನ್ನಷ್ಟೇ ಹೆಚ್ಚಿಸುತ್ತಾ ಹೋದರು. 73 ಮಿಲಿಮೀಟರ್ ಅಗಲ ಇದ್ದಾಗ 1489 ಸಿಸಿ. 1959ರಲ್ಲಿ 75.4ಕ್ಕೆ ತಂದು 1588 ಮಾಡಿದರು, ಆಗ ಎಂಜಿಎ ನೂರು ಮೈಲಿ ದಾಟಿತು, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕೂ ಬಂತು. 1961ರಲ್ಲಿ 76.2, ಅಂದರೆ 1622 ಸಿಸಿ. 1962ರಲ್ಲಿ ಎಂಜಿಬಿ ಬಂದಾಗ 80.26, ಅದು 1798 ಸಿಸಿ, 95 ಅಶ್ವಶಕ್ತಿ. ಏಳು ಮಿಲಿಮೀಟರ್ ಅಗಲ ಹೆಚ್ಚಿದ್ದಕ್ಕೆ ಮುನ್ನೂರು ಸಿಸಿ ಹೆಚ್ಚು.

"ಬಾವಿ ಕೆಲಸ ಗೊತ್ತಿದ್ದೋನು" ಅಂತ ಅಣ್ಣ ಮೆಚ್ಚಿದ. "ಆಳ ತೋಡಾದು ದಡ್ಡರ ಕೆಲ್ಸ. ನಾನೂ ಮೊದ್ಲು ಅಗಲ ತಗೀಬೇಕಾಗಿತ್ತು."

ಆಳ ತೋಡಿದವರೂ ಇದ್ದಾರೆ, ಅದಕ್ಕೆ ಆಮೇಲೆ ಬರುತ್ತೇನೆ ಅಂದೆ. ಅದಕ್ಕೆ ಮುಂಚೆ ಟ್ವಿನ್ ಕ್ಯಾಮ್ ಕಥೆ ಹೇಳಲೇಬೇಕು, ಯಾಕೆಂದರೆ ಎಂಜಿ ಮೋಹಿಗಳು ಇಬ್ಬರು ಸೇರಿದರೆ ಮೂರನೇ ಮಾತು ಅದೇ. 1958ರಲ್ಲಿ ಎಂಜಿಎಗೆ ತಲೆಯ ಮೇಲೆ ಎರಡು ಕ್ಯಾಮ್ ಶಾಫ್ಟ್ ಇರುವ 1588 ಸಿಸಿಯ ಎಂಜಿನ್ ಕೊಟ್ಟರು. ಅಡಿ ಬ್ಲಾಕು ಇದೇ ಬಿ ಸೀರೀಸ್, ತಲೆ ಮಾತ್ರ ಅಲ್ಯೂಮಿನಿಯಂ. ಒತ್ತಡ 9.9ಕ್ಕೆ ಒಂದು, ಶಕ್ತಿ 108. ಕಾಗದದ ಮೇಲೆ ಸಾಕ್ಷಾತ್ ಐರಾವತ. ರಸ್ತೆಗಿಳಿದ ಮೇಲೆ ಪಿಸ್ಟನ್ನುಗಳು ಸುಟ್ಟು ತೂತು ಬೀಳತೊಡಗಿದವು. ಪೆಟ್ರೋಲಿನ ದೋಷ ಅಂದರು, ಟೈಮಿಂಗ್ ಸರಿಯಿಲ್ಲ ಅಂದರು, ಒತ್ತಡ ಇಳಿಸಿದರು. ಜನಕ್ಕೆ ಮಾತ್ರ ನಂಬಿಕೆ ಹೋಯಿತು. 2,111 ಕಾರು ಮಾಡಿ 1960ರಲ್ಲಿ ನಿಲ್ಲಿಸಿದರು. ಎಷ್ಟೋ ವರ್ಷದ ಮೇಲೆ ಗೊತ್ತಾದದ್ದು ಏನೆಂದರೆ, ಒಂದು ವೇಗದಲ್ಲಿ ಎಂಜಿನ್ ನಡುಗಿ ಕಾರ್ಬೋರೇಟರಿನ ಬಟ್ಟಲಲ್ಲಿ ಪೆಟ್ರೋಲು ನೊರೆ ಕಟ್ಟುತ್ತಿತ್ತಂತೆ. ನೊರೆ ಅಂದರೆ ಅರ್ಧ ಗಾಳಿ. ಪೆಟ್ರೋಲು ತೆಳುವಾದರೆ ಬೆಂಕಿ ಬಿಸಿಯಾಗುತ್ತದೆ, ಪಿಸ್ಟನ್ ಕರಗುತ್ತದೆ.

ಅಣ್ಣನಿಗೆ ನೊರೆಯ ವಿಷಯ ಚೆನ್ನಾಗಿ ಹಿಡಿಸಿತು. ಡೈರಿಯಲ್ಲಿ ಹಾಲು ಅಳೆಯುವಾಗ ನೊರೆಯನ್ನೂ ಸೇರಿಸಿ ಅಳೆದವರ ಮೇಲೆ ಅವನಿಗೆ ಇಪ್ಪತ್ತು ವರ್ಷದ ಸಿಟ್ಟಿದೆ. ಆ ಪುರಾಣ ಹತ್ತು ನಿಮಿಷ ನಡೆಯಿತು, ಇಲ್ಲಿ ಬೇಡ.

ನಮ್ಮ ಅಂಗಡಿಗೆ ಒಮ್ಮೆ ನಿಜವಾದ ಎಂಜಿಬಿ ಎಂಜಿನ್ ಬಂದಿತ್ತು. ಬೆಂಗಳೂರಿನಲ್ಲಿ ಹಳೇ ಕಾರುಗಳನ್ನು ದೇವರ ಹಾಗೆ ಇಟ್ಟುಕೊಂಡವರು ಕೆಲವರಿದ್ದಾರೆ, ಅಂಥವರೊಬ್ಬರದು. ನಾನು ಅಲ್ಲಿಯವರೆಗೆ ನೂರಾರು ಅಂಬಾಸಡರ್ ಎಂಜಿನ್ ಬಿಚ್ಚಿದ್ದೆ. ಅವುಗಳ ಕ್ರ್ಯಾಂಕ್ ಶಾಫ್ಟು ಮೂರು ಬೇರಿಂಗಿನ ಮೇಲೆ ಕೂರುತ್ತದೆ: ಎರಡು ತುದಿ, ಒಂದು ನಡು. ಇದನ್ನೂ ಹಾಗೇ ಅಂದುಕೊಂಡು ತಿರುಗಿಸಿ ಮಲಗಿಸಿದರೆ ಐದು! 1964ರ ಕೊನೆಗೆ ಎಂಜಿಬಿಗೆ ಐದು ಬೇರಿಂಗ್ ಮಾಡಿದ್ದರು. ಉದ್ದ ತೊಲೆಗೆ ಮೂರು ಕಂಬದ ಬದಲು ಐದು ಕಂಬ. ಶಕ್ತಿ ಹೆಚ್ಚೇನೂ ಆಗಲಿಲ್ಲ, ಆದರೆ ಎಂಜಿನ್ನಿನ ಒಳದನಿ ಬದಲಾಯಿತು, ಆಯಸ್ಸು ಹೆಚ್ಚಿತು. ಮೂರು ಬೇರಿಂಗಿನದು ಹೆಚ್ಚು ಚುರುಕಾಗಿ ಎಗರುತ್ತದೆ ಅನ್ನುವವರು ಈಗಲೂ ಇದ್ದಾರೆ. ಇರಲಿ. ಸವೆದ ಕ್ರ್ಯಾಂಕನ್ನು ಕೈಯಲ್ಲಿ ಹಿಡಿದು ನೋಡಿದವನ ಮತ ಕೇಳುವುದಾದರೆ, ನನ್ನ ಓಟು ಐದಕ್ಕೆ. ಅವತ್ತು ಆ ಎಂಜಿನ್ ತೊಳೆದು ಒರೆಸಿ ಕಳಿಸುವಾಗ ಬ್ಲಾಕಿನ ಮೇಲೆ ಕೈಯಾಡಿಸಿದೆ. ಅಂಬಾಸಡರಿನದೇ ಉಬ್ಬು, ಅಂಬಾಸಡರಿನದೇ ತಗ್ಗು. ಪರದೇಶದಲ್ಲಿ ಬೆಳೆದ ದಾಯಾದಿ ಮಗನ ಮುಖದಲ್ಲಿ ನಮ್ಮ ದೊಡ್ಡಪ್ಪನ ಮೂಗು ಕಂಡ ಹಾಗಾಯಿತು.

"ಹಂಗಾದ್ರೆ ಇನ್ನೂ ದೊಡ್ದು ಮಾಡಿದ್ರೆ ಇನ್ನೂ ಚೆಂದ ಇರಬೇಕಲ್ಲ?" ಅಣ್ಣ ಕೇಳಿದ.

ಎಂಜಿಯವರೂ ಹಾಗೇ ಅಂದುಕೊಂಡರು. 1967ರಲ್ಲಿ ಎಂಜಿಬಿಯ ಮೂತಿಯೊಳಕ್ಕೆ ಆರು ಸಿಲಿಂಡರಿನ 2912 ಸಿಸಿಯ ಎಂಜಿನ್ ತುರುಕಿ ಎಂಜಿಸಿ ಅಂತ ಹೆಸರಿಟ್ಟರು. 145 ಅಶ್ವಶಕ್ತಿ. ಹಿಡಿಸಲಿಲ್ಲ ಅಂತ ಬಾನೆಟ್ಟಿನ ಮೇಲೆ ಗುಬುಟು ಏಳಿಸಿದರು. ಎಂಜಿನ್ ಹಳೆಯದಕ್ಕಿಂತ ಹೆಚ್ಚುಕಡಿಮೆ ಒಂದು ಕ್ವಿಂಟಲ್ ಜಾಸ್ತಿ ತೂಕ, ಅದೆಲ್ಲ ಮುಂದಿನ ಚಕ್ರದ ಮೇಲೆ. ನೆಟ್ಟಗೆ ಓಡುವಾಗ ರಾಜ, ತಿರುವಿನಲ್ಲಿ ಹಠಮಾರಿ.

ಇದನ್ನು ನಾನು ವಿವರಿಸುವ ಮೊದಲೇ ಅಣ್ಣ ತಲೆಯಾಡಿಸಿದ. ಗಾಡಿ ಹೊಡೆದವನು. "ಮುಂಭಾರ" ಅಂದ. ಗಾಡಿಗೆ ಗೊಬ್ಬರ ತುಂಬುವಾಗ ಮುಂದಕ್ಕೆ ಹೆಚ್ಚು ಹಾಕಿದರೆ ನೊಗ ಎತ್ತಿನ ಹೆಗಲು ಮುರಿಯುತ್ತದೆ, ತಿರುಗಿಸು ಅಂದರೆ ಎತ್ತು ತಿರುಗುವುದಿಲ್ಲ. ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೆದ್ದು ಕಣ್ಣಿ ಕೊರಳು ಹಿಡಿಯುತ್ತದೆ. ಅಚ್ಚಿನ ಮೇಲೆ ನಿಂತರೆ ಮಾತ್ರ ಗಾಡಿ. ಬ್ರಿಟನ್ನಿನ ಪತ್ರಿಕೆಗಳು ಪುಟಗಟ್ಟಲೆ ಬರೆದು ಹೇಳಿದ್ದನ್ನು ನಮ್ಮಣ್ಣ ಎಲೆಅಡಿಕೆ ಉಗಿದು ಒಂದು ಪದದಲ್ಲಿ ಮುಗಿಸಿದ. ಎಂಜಿಸಿ ಎರಡೇ ವರ್ಷ ಬಾಳಿತು, ಒಂಬತ್ತು ಸಾವಿರದಷ್ಟು ಮಾಡಿದರು. ಇಂಗ್ಲೆಂಡಿನ ಈಗಿನ ದೊರೆ ಚಾರ್ಲ್ಸ್ ಯುವರಾಜನಾಗಿದ್ದಾಗ ಅದರಲ್ಲೊಂದನ್ನು ಇಟ್ಟುಕೊಂಡಿದ್ದ ಅಂದೆ. "ದೊರೆಗೇನು, ತಿರುವು ಬಂದ್ರೆ ದಾರೀನೇ ನೆಟ್ಟಗೆ ಮಾಡ್ಸ್ತಾನೆ" ಅಂದ ಅಣ್ಣ.

ಆ ಮುಂಭಾರಕ್ಕೆ ಉತ್ತರ ಕೊಟ್ಟವನು ಕಂಪನಿಯವನಲ್ಲ, ಕೆನ್ ಕಾಸ್ಟೆಲೊ ಎಂಬ ಒಬ್ಬ ರೇಸಿನವನು. ಅಮೆರಿಕದ ಬ್ಯೂಕ್‌ನವರು ಮಾಡಿ ಬೇಡವೆಂದು ಬಿಟ್ಟ ಅಲ್ಯೂಮಿನಿಯಂ ವಿ8 ಎಂಜಿನ್ನಿನ ಹಕ್ಕನ್ನು ಇಂಗ್ಲೆಂಡಿನ ರೋವರ್ ಕೊಂಡಿತ್ತು. ಎಂಟು ಸಿಲಿಂಡರು, 3528 ಸಿಸಿ, ಆದರೆ ತೂಕ ನಮ್ಮ ಎರಕದ ಬಿ ಸೀರೀಸಿನಷ್ಟೇ ಹೆಚ್ಚುಕಡಿಮೆ. ಕಾಸ್ಟೆಲೊ ಅದನ್ನು ತನ್ನ ಗ್ಯಾರೇಜಿನಲ್ಲೇ ಎಂಜಿಬಿಗೆ ಕೂರಿಸಿ ಮಾರತೊಡಗಿದ. ಕಂಪನಿ ಕಣ್ಣುಬಿಟ್ಟು ನೋಡಿ 1973ರಲ್ಲಿ ತಾನೂ ಮಾಡಿತು. 137 ಅಶ್ವಶಕ್ತಿ, ಮುಂಭಾರವಿಲ್ಲ. ಆದರೆ ಹೊತ್ತು ತಪ್ಪಿತ್ತು. ಅದೇ ವರ್ಷ ಅರಬ್ಬರು ಎಣ್ಣೆಯ ನಲ್ಲಿ ತಿರುಗಿಸಿದರು, ಎಂಟು ಬಾಯಿಯ ಕಾರು ಯಾರಿಗೂ ಬೇಡವಾಯಿತು. 2,591 ಕಾರಿಗೆ ಮುಗಿಯಿತು. ಗ್ಯಾರೇಜಿನವನು ಮೊದಲು ಮಾಡಿದ್ದನ್ನು ಕಾರ್ಖಾನೆ ಆಮೇಲೆ ಮಾಡಿತು ಅನ್ನುವುದು ನನ್ನಂಥವನಿಗೆ ತುಂಬ ಸಮಾಧಾನದ ಸಂಗತಿ.

ಮಾಮೂಲಿ ಎಂಜಿಬಿಯ ಕೊನೆಗಾಲವೋ, ಕರುಣಾಜನಕ. ಅಮೆರಿಕದ ಹೊಗೆ ಕಾನೂನಿಗೆ ಅಂಜಿ ಅಲ್ಲಿಗೆ ಕಳಿಸುವ ಕಾರುಗಳಿಗೆ ಎರಡು ಕಾರ್ಬೋರೇಟರ್ ತೆಗೆದು ಒಂದೇ ಇಟ್ಟರು. 95 ಇದ್ದ ಅಶ್ವಶಕ್ತಿ ಅರವತ್ತರ ಆಸುಪಾಸಿಗೆ ಇಳಿಯಿತು. ಬಂಪರ್ ಎತ್ತರದ ಕಾನೂನಿಗಾಗಿ ಇಡೀ ಕಾರನ್ನೇ ಎತ್ತರಿಸಿ, ಮೂತಿಗೆ ಕಪ್ಪು ರಬ್ಬರು ಕಟ್ಟಿದರು. ಮೂಗಿನ ಒಂದು ಹೊಳ್ಳೆ ಮುಚ್ಚಿ, ಬಾಯಿಗೆ ಕುಕ್ಕೆ ಹಾಕಿ, ಓಡು ಅಂದ ಹಾಗೆ. 1980ರಲ್ಲಿ ಎಂಜಿಯ ಅಬಿಂಗ್ಡನ್ ಕಾರ್ಖಾನೆಯ ಬಾಗಿಲೇ ಮುಚ್ಚಿತು.

"ಅರವತ್ತು ಅಂದ್ರೆ ನನ್ ಗಾಡಿ ಹತ್ತತ್ರ ಬಂತಲ್ಲ!" ಅಂದ ಅಣ್ಣ. ಮುಖ ಅರಳಿತು. ದಾಯಾದಿ ಕೆಟ್ಟ ಸುದ್ದಿಗೆ ಇಷ್ಟು ಬೇಗ ಯಾರ ಮುಖವೂ ಅರಳುವುದಿಲ್ಲ.

ಆಳ ತೋಡಿದವರ ಕಥೆ ಹೇಳುತ್ತೇನೆ ಅಂದಿದ್ದೆ. ಅದು ಟ್ರಯಂಫ್ ಕಂಪನಿಯದು. ಹೊಸದುರ್ಗದ ಕಡೆ ಒಬ್ಬ ಡಾಕ್ಟರು ಸ್ಟಾಂಡರ್ಡ್ ಹೆರಾಲ್ಡ್ ಇಟ್ಟಿದ್ದರಲ್ಲ, ಬಾನೆಟ್ ಮುಂದಕ್ಕೆ ಮೊಸಳೆ ಬಾಯಿಯ ಹಾಗೆ ತೆರೆಯುತ್ತಿತ್ತು, ಮದರಾಸಿನಲ್ಲಿ ತಯಾರಾಗುತ್ತಿದ್ದದ್ದು. ಅದಕ್ಕೂ ಇಂಗ್ಲೆಂಡಿನಲ್ಲಿ ಒಂದು ಓಟದ ದಾಯಾದಿ ಇತ್ತು: ಸ್ಪಿಟ್‌ಫೈರ್. ಹೆರಾಲ್ಡಿನ ಚಾಸಿಯನ್ನೇ ಮೊಟಕು ಮಾಡಿ 1962ರಲ್ಲಿ ಮಾಡಿದ್ದು. ನಮ್ಮ ಹೆರಾಲ್ಡಿನ ಎಂಜಿನ್ 948 ಸಿಸಿ. ಅದನ್ನೇ ಅಗಲ ಮಾಡಿ 1147, ಮತ್ತೆ ಅಗಲ ಮಾಡಿ 1296 ಸಿಸಿ, ಆಳ ಮಾತ್ರ ಅದೇ 76 ಮಿಲಿಮೀಟರ್. ಆಮೇಲೆ ಅಗಲಕ್ಕೆ ಜಾಗ ಇಲ್ಲದಾಯಿತು. ಆಗ ಆಳಕ್ಕಿಳಿದರು. 87.5 ಮಿಲಿಮೀಟರ್ ಆಳ, 1493 ಸಿಸಿ. ಬೇರಿಂಗು ಮಾತ್ರ ಮೂರೇ. ಪಾಪ, ಕ್ರ್ಯಾಂಕು ದೊಡ್ಡದಾಗಿ ತಿರುಗಿ ತಿರುಗಿ ಬೇರಿಂಗು ತಿಂದುಕೊಳ್ಳುವುದಕ್ಕೆ ಈ 1493 ಹೆಸರುವಾಸಿಯಾಯಿತು. ಇನ್ನೂ ತಮಾಷೆಯೆಂದರೆ 1974ರಲ್ಲಿ ಎಂಜಿಯ ಪುಟ್ಟ ಕಾರು ಮಿಡ್ಜೆಟ್‌ಗೆ ಇದೇ ಎಂಜಿನ್ ಇಟ್ಟರು, ಆ ಹೊತ್ತಿಗೆ ಎರಡೂ ಮನೆ ಒಂದೇ ಯಜಮಾನನ ಕೈಗೆ ಬಂದಿದ್ದವು. ಎಂಜಿಯವರಿಗೆ ಎದುರುಮನೆಯ ಟ್ರಯಂಫಿನ ಎಂಜಿನ್ ಅಂದರೆ, ನಾವು ಮದುವೆಗೆ ಎದುರು ಪಾರ್ಟಿಯವನ ಮನೆಯಿಂದ ಪಾತ್ರೆ ತಂದ ಹಾಗೆ.

ಅಣ್ಣ ಏನೂ ಹೇಳಲಿಲ್ಲ. ತೋಟದ ಕಡೆ ನೋಡಿದ. ಎಂಟುನೂರು ಅಡಿಗೆ ಬರೀ ಧೂಳು ಬಂದ ಬೋರು ಅಲ್ಲೇ, ಚೀಲ ಕಟ್ಟಿಸಿಕೊಂಡು ನಿಂತಿದೆ.

ಮಾತು ಮತ್ತೆ ಅಂಬಾಸಡರಿಗೇ ಬಂತು. 1489ರದ್ದೇ ಡೀಸೆಲ್ ರೂಪ 1980ರಲ್ಲಿ ಬಂದಾಗ ಅಣ್ಣನೂ ಬದಲಾಯಿಸಲು ಹೊರಟಿದ್ದ. ನಲವತ್ತು ಅಶ್ವಶಕ್ತಿಯೂ ಇಲ್ಲದ ಆ ಎಂಜಿನ್ನಿನ ಸದ್ದಿಗೆ ಹೆದರಿ ಬಿಟ್ಟ. ತೊಂಬತ್ತರ ದಶಕದಲ್ಲಿ ಜಪಾನಿನ ಇಸುಜು 1.8 ಲೀಟರ್ ಬಂತು, ಐದು ಗೇರು, 75 ಅಶ್ವಶಕ್ತಿ. ಅಂಬಾಸಡರ್ ಜಾತಿಯಲ್ಲಿ ಅದೇ ಶ್ರೇಷ್ಠ ಅಂತ ನನ್ನ ವಾದ. ಅದು ಅಂಬಾಸಡರೇ ಅಲ್ಲ ಅಂತ ಅವನ ವಾದ. ಎಂಜಿನ್ ಬದಲಾದ ಮೇಲೆ ಹೆಸರು ಉಳಿದರೇನು ಬಂತು, ಅಳಿಯನ ಕಾರಿನ ಬಿಲ್ಲೆಯ ಹಾಗೆ ಅಂದ. ನಾನು ಹೇಳಿದ ಮಾತನ್ನೇ ನನಗೆ ತಿರುಗಿಸಿ ಹೊಡೆಯುವುದರಲ್ಲಿ ಅವನು ದೊಡ್ಡಪ್ಪನ ಪಡಿಯಚ್ಚು. 2014ರ ಮೇ ತಿಂಗಳಲ್ಲಿ ಉತ್ತರಪಾಡಾ ನಿಂತಿತು, ಮೂರು ವರ್ಷದ ಮೇಲೆ ಅಂಬಾಸಡರ್ ಎಂಬ ಹೆಸರನ್ನೇ 80 ಕೋಟಿಗೆ ಫ್ರಾನ್ಸಿನ ಪಿಜೋ ಕಂಪನಿಗೆ ಮಾರಿದರು ಅಂತ ಹೇಳಿದೆ.

"ಬರೀ ಹೆಸರಿಗೆ ಎಂಬತ್ತು ಕೋಟಿ. ಹಂಗಾರೆ ಗಾಡಿಗೆ?"

"ಗುಜರಿಯವನು ಕಿಲೋ ಲೆಕ್ಕದಲ್ಲಿ ಕೊಡ್ತಾನೆ" ಅಂದೆ.

ಅವನಿಗೆ ರೋಷ ಬಂತು. ನೂರು ಮೈಲಿ ಓಡುವ ಎಂಜಿನ್ ಅಂತ ಇಷ್ಟು ಹೊತ್ತು ನೀನೇ ಹೇಳಿ ಈಗ ಗುಜರಿ ಅಂತೀಯಾ, ಬಾ, ಅಳಿಯನ ಮುಂದೆಯೇ ಇವತ್ತು ಸ್ಟಾರ್ಟ್ ಮಾಡುತ್ತೇನೆ ಅಂತ ಹ್ಯಾಂಡಲ್ ಹುಡುಕಿ ತಂದ. ನಾನು ಬೇಲಿ ದಾಟಿದೆ. ಬ್ಯಾಟರಿ ಇರಲಿಲ್ಲ, ಅದನ್ನು ತೆಗೆದು ಮನೆಯ ಯುಪಿಎಸ್‌ಗೆ ಹಾಕಿ ಎರಡು ವರ್ಷ ಆಗಿದೆ. ಅಳಿಯನ ಕಾರಿನಿಂದ ವೈರು ಎಳೆದರಾಯಿತು ಅಂದ ಅಣ್ಣ. ಹೊಸ ಎಂಜಿ ಹಳೇ ಎಂಜಿಯ ದಾಯಾದಿಗೆ ಕರೆಂಟು ಕೊಡುವುದು ನನಗೂ ನೋಡಬೇಕೆನ್ನಿಸಿತು. ಹೊದಿಕೆ ಸರಿಸಿದೆವು, ಧೂಳು ಕೊಡವಿದೆವು. ಬಾನೆಟ್ಟಿನ ಕೊಂಡಿ ತುಕ್ಕು ಹಿಡಿದಿತ್ತು, ತೆಂಗಿನೆಣ್ಣೆ ಬಿಟ್ಟು ಸುತ್ತಿಗೆಯಲ್ಲಿ ಎರಡು ಬಾರಿಸಿದ ಮೇಲೆ ಕಿರ್ರೆಂದು ಮೇಲೆದ್ದಿತು.

ಬ್ಯಾಟರಿಯ ಖಾಲಿ ತಟ್ಟೆಯಲ್ಲಿ, ತೆಂಗಿನ ನಾರಿನ ಮೇಲೆ, ರೆಕ್ಕೆ ಅಗಲಿಸಿಕೊಂಡು ಕೆಂಪು ಹೇಟೆ ಕೂತಿತ್ತು. ನಮ್ಮನ್ನು ನೋಡಿ ಕುತ್ತಿಗೆಯ ಪುಕ್ಕ ನಿಗುರಿಸಿ ಕೊರ್ರ್ ಅಂದಿತು. ಅಣ್ಣ ಕೈ ಚಾಚಿದ್ದಕ್ಕೆ ಮಣಿಕಟ್ಟಿಗೇ ಕುಕ್ಕಿತು.

ಅತ್ತಿಗೆ ಓಡಿ ಬಂದರು. ಬಗ್ಗಿ ಎಣಿಸಿದರು. ಹದಿಮೂರು. "ಕಾವು ಕೂತೈತೆ, ಯಾರೂ ಮುಟ್ಟಬ್ಯಾಡ್ರಿ" ಅಂದರು. ಕಾವು ಎಂದಿನಿಂದ ಎಂದು ತಮ್ಮಲ್ಲೇ ಲೆಕ್ಕ ಹಾಕಿ, ಮೂರು ವಾರದವರೆಗೆ ಈ ಗಾಡಿ ಅಲ್ಲಾಡಕೂಡದು ಅಂತ ಹ್ಯಾಂಡಲ್ಲನ್ನು ಅಣ್ಣನ ಕೈಯಿಂದ ಕಿತ್ತುಕೊಂಡು ಒಳಗೆ ಹೋದರು. ಅಣ್ಣ ಬಾನೆಟ್ಟನ್ನು ಸದ್ದಾಗದ ಹಾಗೆ ಮೆಲ್ಲಗೆ ಇಳಿಸಿದ.